ಹಯಾತ್ ಭಾಯಿಯ ಪಾಳಿ

ಶಿರಸಿಯ ಮಾರುಕಟ್ಟೆ ಯಾರ್ಡಿನ ಹೊರಗೆ ಗೂಡ್ಸ್ ಗಾಡಿಗಳು ನಿಲ್ಲುವ ಸ್ಟ್ಯಾಂಡಿನಲ್ಲಿ ಪಾಳಿ ಎಂಬುದೊಂದಿತ್ತು. ಬೆಳಿಗ್ಗೆ ಮೊದಲು ಬಂದವನ ಗಾಡಿ ಸಾಲಿನ ತಲೆಗೆ. ಬಾಡಿಗೆ ಬಂದರೆ ಅವನದೇ. ಅವನು ಹೋದಮೇಲೆ ಹಿಂದಿನವನು ಮುಂದೆ ಸರಿಯಬೇಕು. ಸಿದ್ದಾಪುರಕ್ಕೆ ಸಿಮೆಂಟು ಬರಲಿ, ಪಕ್ಕದ ಓಣಿಗೆ ಕಪಾಟು ಬರಲಿ, ಆರಿಸುವ ಹಾಗಿಲ್ಲ. ಎತ್ತಿನ ಗಾಡಿ ನಿಲ್ಲುತ್ತಿದ್ದ ಕಾಲದಿಂದಲೂ ಹೀಗೆಯೇ. ಈಗ ಇಲ್ಲಿ ಗೂಡ್ಸ್ ಗಾಡಿ ಓಡಿಸುವ ಹಯಾತನ ಅಪ್ಪ ಎತ್ತಿನ ಗಾಡಿ ಹೊಡೆದದ್ದೂ ಇದೇ ಪಾಳಿಯಲ್ಲಿ.

ಆಮೇಲೆ ಕಂಪನಿ ಬಂತು. ಫೋನಿನಲ್ಲೇ ಗಾಡಿ ಕರೆಸುವ ಆ್ಯಪಿನ ದೊಡ್ಡ ಕಂಪನಿ. ಅಂಗಡಿಯವರು ಕೊಡಬೇಕಾದದ್ದು ಅರ್ಧ ಬಾಡಿಗೆ, ಡ್ರೈವರಿಗೆ ಸಿಗುವುದು ಪೂರ್ತಿ. ನಡುವಿನದನ್ನು ಕಂಪನಿಯೇ ತುಂಬುತ್ತಿತ್ತು.

"ಲುಕ್ಸಾನ್ ಮಾಡ್ಕಂಡು ಯಾರಾದ್ರೂ ದಂಧೆ ಮಾಡ್ತಾರನಾ?" ಎಂದು ಚಹಾದಂಗಡಿಯಲ್ಲಿ ಮನೋಹರ ಕೇಳಿದ. ಸ್ಟ್ಯಾಂಡಿಗೆ ಅವನೇ ಅಧ್ಯಕ್ಷ. "ಮೊದ್ಲು ರುಚಿ ಹತ್ತಿಸ್ತಾರೆ. ಅಂಗಡಿಯವ್ರು ಸ್ಟ್ಯಾಂಡಿಗೆ ಬರೂದು ಮರೀಬೇಕು. ಮರೆತ ಮೇಲೆ ನಮ್ಮ ಕುತ್ತಿಗೆಗೆ ಕೈ ಹಾಕ್ತಾರೆ."

"ನಿಂಗೆ ಎಲ್ಲಾದ್ರಲ್ಲೂ ಕೆಟ್ಟದ್ದೇ ಕಾಣ್ತದೆ," ಎಂದ ಹಯಾತ್. "ಪೇಪರ್ ನೋಡು. ಶಾಲೆಗೆ ಬೆಂಚು ಕೊಟ್ಟಾರೆ, ಗಿಡ ನೆಟ್ಟಾರೆ. ಅಷ್ಟು ಹೆಸ್ರು ಕಾಯೋ ಜನ ಬಡವ್ರಿಗೆ ಮೋಸ ಮಾಡೂದಿಲ್ಲ."

"ಹೆಸ್ರಿಗೆ ಬಣ್ಣ ಹಚ್ಚೂಕೇ ಅವ್ರಲ್ಲಿ ಬೇರೆ ಆಫೀಸು ಅದೆ ಭಾಯಿ."

"ಇರ್ಲಿ. ನಿನ್ನ ಗಾಡಿಗಂತೂ ಬಣ್ಣಾನೂ ಇಲ್ಲ."

ಮನೋಹರನ ಗಾಡಿಯ ತುಕ್ಕು ನೋಡಿ ಎಲ್ಲರೂ ನಕ್ಕರು. ಅವತ್ತಿನ ಮಾತು ಹಯಾತನ ಕಡೆಗಾಯಿತು. ಎಲ್ಲರೂ ಆ್ಯಪ್ ಹಾಕಿಸಿಕೊಂಡರು.

ಆದರೆ ಆ್ಯಪಿಗೆ ಪಾಳಿ ಗೊತ್ತಿಲ್ಲ. ತನಗೆ ಬೇಕಾದವನ ಫೋನು ಬಡಿಯುತ್ತದೆ. ಸ್ಟ್ಯಾಂಡಿನವರು ಪಾಳಿ ಬಿಡಲಿಲ್ಲ. ಯಾರ ಫೋನು ಬಡಿದರೂ ಹೋಗುವವನು ಪಾಳಿಯವನೇ, ಆ ಫೋನನ್ನೂ ಅವನ ಕೈಗೇ ಕೊಟ್ಟು ಕಳಿಸುವುದು. ಸಂಜೆ ವಾಪಸು ಇಸಿದುಕೊಳ್ಳುವುದು. ಸ್ಟ್ಯಾಂಡಿನಲ್ಲೇ ಗಾಡಿ ಓಡಿಸುವ, ಹಯಾತನ ತಂಗಿಯ ಮಗ ಮೊಯಿನನ ಹೆಂಡತಿ ಗಂಡನಿಗೆ ಫೋನು ಮಾಡಿದರೆ ವಜ್ರಳ್ಳಿ ದಾರಿಯಲ್ಲಿ ಇನ್ನೊಬ್ಬ ಡ್ರೈವರ್ ಬೈರ ಎತ್ತುತ್ತಿದ್ದ. ಅವಳು ಬೈದದ್ದನ್ನೆಲ್ಲ ಕೇಳಿಸಿಕೊಂಡು ಬಂದು ಮೊಯಿನನಿಗೆ ಚಾಚೂ ತಪ್ಪದೆ ಒಪ್ಪಿಸುತ್ತಿದ್ದ.

ಇದು ಹೇಗೋ ಕಂಪನಿಯ ಕಿವಿಗೆ ಬಿತ್ತು. ಅವರ ಪ್ರಚಾರದ ಆಫೀಸಿನಿಂದ ತನುಜಾ ಎಂಬ ಹುಡುಗಿ ಕ್ಯಾಮರಾದವರನ್ನು ಕಟ್ಟಿಕೊಂಡು ಬಂದಳು. ಹಯಾತನ ಬಿಳಿಗಡ್ಡ ಅವಳಿಗೆ ಹಿಡಿಸಿತು. "ನಮ್ಮಲ್ಲಿ ಒಬ್ಬನ ಹೊಟ್ಟೆ ತುಂಬಿ ಇನ್ನೊಬ್ಬ ಉಪವಾಸ ಇರೂದಿಲ್ಲ," ಎಂದು ಹಯಾತ್ ಹೇಳಿದ. ಬೈರನನ್ನೂ ಮೊಯಿನನನ್ನೂ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡ. ಯಾರ ಫೋನು ಯಾರಿಗೆ ಹೋಗುತ್ತದೆ ಎಂದು ಕೈಯಿಂದ ಕೈಗೆ ಕೊಡಿಸಿ ತೋರಿಸಿದ. ತನುಜಾ ಕಣ್ಣು ಒರೆಸಿಕೊಂಡಳು.

ಆ ವಿಡಿಯೋ ಊರೂರು ಸುತ್ತಿತು. ಕೊನೆಯಲ್ಲಿ ಕಂಪನಿಯ ಹೆಸರು, ಕೆಳಗೆ 'ನಾವೆಲ್ಲ ಒಂದೇ ಮನೆ'. ಹಯಾತನ ಹೆಂಡತಿ ರಹಿಮತ್ಬಿ ನೋಡಿ, "ಗಡ್ಡ ಬಾಚ್ಕಂಡಾದ್ರೂ ನಿಲ್ಬಾರ್ದಿತ್ತಾ," ಎಂದಳು. ಅವಳು ಅದನ್ನು ಮತ್ತೆ ಮತ್ತೆ ಹಾಕಿ ನೋಡಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಡಿಯವರು ಸ್ಟ್ಯಾಂಡಿನ ದಾರಿ ಮರೆತಿದ್ದರು. ಆಗ ಕಂಪನಿ ತುಂಬಿಕೊಡುವುದನ್ನು ನಿಲ್ಲಿಸಿ, ಡ್ರೈವರುಗಳ ಬಾಡಿಗೆಯಲ್ಲೇ ಮುರಿದುಕೊಳ್ಳತೊಡಗಿತು. ಮರುವಾರ ಹಯಾತ್, ಮೊಯಿನ್, ಬೈರ ಮೂವರ ಆ್ಯಪೂ ಬಂದ್ ಆಯಿತು. ತಮಗೆ ಬಂದ ಬಾಡಿಗೆಯನ್ನು ಬೇರೆಯವರಿಗೆ ಕೊಟ್ಟದ್ದು ವಂಚನೆ ಎಂದು ಮೆಸೇಜು. ಸಾಕ್ಷಿಗೆ ಅದೇ ವಿಡಿಯೋ.

ಹಯಾತ್ ತನುಜಾಗೆ ಫೋನು ಮಾಡಿದ.

"ಅದು ಬೇರೆ ಡಿಪಾರ್ಟ್‌ಮೆಂಟು ಅಂಕಲ್. ನಾನೇನೂ ಮಾಡೋಕಾಗಲ್ಲ. ಆದ್ರೆ ನಿಮ್ಮ ವಿಡಿಯೋ ತುಂಬಾ ಚೆನ್ನಾಗಿ ಓಡ್ತಿದೆ."

ಇನ್ನು ಉಳಿದದ್ದು ಒಂದೇ ದಾರಿ. ತನ್ನ ಪಾಳಿ ಬಂದಾಗ ಬೇರೆಯವರ ಫೋನಿಗೆ ಬಂದ ಬಾಡಿಗೆ ತನಗೆ ಸಿಗಬೇಕು. ಅದಿಲ್ಲದಿದ್ದರೆ ಹಯಾತನಿಗೆ ದುಡಿಮೆಯೇ ಇಲ್ಲ. ಆದರೆ ಮನೋಹರ ಎಲ್ಲರನ್ನೂ ಕರೆದು, "ಇನ್ಮೇಲೆ ಅವ್ರವ್ರ ಫೋನು ಅವ್ರವ್ರಿಗೆ," ಎಂದುಬಿಟ್ಟ.

"ಹಂಗಾದ್ರೆ ಪಾಳಿ?" ಎಂದ ಹಯಾತ್.

"ಪಾಳಿ ಮುಗಿಸಿದವ್ರು ನೀವೇ ಅಲ್ದಾ ಭಾಯಿ. ಬಾಯಿ ಮುಚ್ಚಿ ಮಾಡೋ ಕೆಲ್ಸಾನ ಕ್ಯಾಮರಾ ಮುಂದೆ ಕುಣಿದು ತೋರಿಸಿದ್ರಿ. ನಮ್ಮ ಆ್ಯಪೂ ಹೋಗ್ಬೇಕಾ?"

ಬೈರ ಹಯಾತನ ಕಾಲ ಹತ್ತಿರ ಉಗಿದು ಎದ್ದುಹೋದ. ಗಾಡಿ ಮಾರಿ ಯಾರ್ಡಿನಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ.

ಹಯಾತ್ ಮಾತ್ರ ದಿನಾ ಎಲ್ಲರಿಗಿಂತ ಮೊದಲು ಬಂದು ಸಾಲಿನ ತಲೆಗೆ ಗಾಡಿ ನಿಲ್ಲಿಸುತ್ತಿದ್ದ. ಅವನ ಮಗ್ಗುಲಿನಿಂದ ಗಾಡಿಗಳು ತಿರುಗಿಸಿಕೊಂಡು ಹೋಗುತ್ತಿದ್ದವು. ಆಮೇಲಾಮೇಲೆ ರಾತ್ರಿಯೂ ಗಾಡಿಯನ್ನು ಅಲ್ಲೇ ಬಿಟ್ಟು ಮನೆಯಿಂದ ನಡೆದು ಬರತೊಡಗಿದ.

ಕಂಪನಿ ಡ್ರೈವರುಗಳನ್ನು ಹೊರಗೆ ಹಾಕುತ್ತಿದೆ ಎಂದು ಪೇಪರುಗಳಲ್ಲಿ ಬಂದಮೇಲೆ ತನುಜಾ ಮತ್ತೆ ಬಂದಳು. ಈ ಸಲದ ವಿಡಿಯೋ, ತಪ್ಪು ತಿದ್ದಿಕೊಂಡವರಿಗೆ ಕಂಪನಿ ಕ್ಷಮೆ ಕೊಡುತ್ತದೆ ಎಂಬುದು. ಹಯಾತ್ ಹೇಳಬೇಕಾದದ್ದು ಎರಡು ಮಾತು. ಪಾಳಿ ಎಂಬುದು ಮೋಸ, ನನಗೆ ಈಗ ಗೊತ್ತಾಯಿತು. ಹೇಳಿದರೆ ನಾಳೆಯೇ ಆ್ಯಪ್ ತೆರೆಯುತ್ತದೆ.

"ನಮ್ಮಪ್ಪ ಕಳ್ಳ ಅಂತ ಹೇಳ್ಬೇಕಾ?"

"ಅಪ್ಪನ ಬಗ್ಗೆ ಸ್ಕ್ರಿಪ್ಟಲ್ಲಿ ಏನೂ ಇಲ್ಲ ಅಂಕಲ್."

ಹಯಾತ್ ಆಗುವುದಿಲ್ಲ ಎಂದ. ತನುಜಾ ಗಡಿಯಾರ ನೋಡಿಕೊಂಡು, ಮೊದಲಿನ ವಿಡಿಯೋದಲ್ಲಿದ್ದವರು ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದಳು. ಮೊಯಿನ್ ಕೈ ಒರೆಸಿಕೊಂಡು ಮುಂದೆ ಬಂದ. ಅವನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಹಯಾತ್. ಮೊಯಿನ್ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ.

"ಮಾಮೂ ಹೇಳಿಕೊಟ್ಟದ್ದು ತಪ್ಪು. ನಾವು ಸಣ್ಣೋರು, ನಂಬಿದ್ವಿ."

"ಚೆನ್ನಾಗಿದೆ. ಇನ್ನೊಂದ್ಸಲ, ಅವರ ಕಡೆ ನೋಡಿ ಹೇಳಿ," ಎಂದಳು ತನುಜಾ.

ಮೊಯಿನ್ ಮಾವನ ಮುಖ ನೋಡಿ ಹೇಳಿದ. ಬೆಳಕು ಸರಿಯಾಗಲಿಲ್ಲವೆಂದು ಮತ್ತೂ ಒಮ್ಮೆ ಹೇಳಿದ.

ಅವನ ಆ್ಯಪ್ ತೆರೆಯಿತು. ಒಂದು ಬೆಳಿಗ್ಗೆ ಗುಡ್ನಾಪುರಕ್ಕೆ ಹಂಚು ಒಯ್ಯುವ ಬಾಡಿಗೆ ಅವನ ಫೋನಿಗೆ ಬಂತು. ಅವನ ಗಾಡಿ ಹಯಾತನ ಗಾಡಿಯ ಬೆನ್ನಿಗೇ ಇತ್ತು. ಮಗ್ಗುಲಿಗೆ ಲಾರಿಯೊಂದು ಅಡ್ಡ ನಿಂತು ತಿರುಗಿಸಲು ಜಾಗವಿರಲಿಲ್ಲ.

"ಮಾಮೂ, ಗಾಡಿ ತೆಗೀರಿ."

"ಪಾಳಿ ನಂದು."

"ಹೊತ್ತಾಗ್ತದೆ ಮಾಮೂ. ತಡ ಆದ್ರೆ ನಂಗೇ ದಂಡ."

"ಫೋನ್ ಕೊಡು. ನಾನು ಹೋಗ್ಬರ್ತೇನೆ."

ಮೊಯಿನ್ ಫೋನನ್ನು ಕಿಸೆಗೆ ಹಾಕಿಕೊಂಡ. ಚಹಾದಂಗಡಿಯಿಂದ ಮನೋಹರ, "ಭಾಯಿ, ಇನ್ನೊಂದು ವಿಡಿಯೋ ಮಾಡಿಸ್ಬೇಕಾ?" ಎಂದ. ಎಲ್ಲರೂ ನಕ್ಕರು. ಹಯಾತ್ ಹತ್ತಿ ಕೂತು ಚಾವಿ ತಿರುಗಿಸಿದ. ಎಷ್ಟೋ ದಿನದಿಂದ ಓಡದ ಗಾಡಿ ಕೆಮ್ಮಿ ಸುಮ್ಮನಾಯಿತು.

ನಗುತ್ತಲೇ ಎಲ್ಲರೂ ಎದ್ದು ಬಂದರು. ಚೀಲ ಇಳಿಸಿ ಬೈರನೂ ಬಂದ. ಹಯಾತ್ ಒಳಗೆ ಕೂತಿದ್ದ ಹಾಗೆಯೇ ಗಾಡಿಯನ್ನು ನೂಕಿ ಗಟಾರದ ಅಂಚಿಗೆ ಬಿಟ್ಟರು. ಮೊಯಿನ್ ಒಂದು ಕೈಯಲ್ಲಿ ಫೋನು ನೋಡುತ್ತ ಇನ್ನೊಂದು ಕೈಯಲ್ಲಿ ನೂಕಿದ.

ಮೊಯಿನ್ ಹೋದಮೇಲೆ ಮನೋಹರನ ಗಾಡಿ ಮುಂದೆ ಸರಿದು ಸಾಲಿನ ತಲೆಗೆ ನಿಂತಿತು. ಹಯಾತ್ ಸ್ಟೇರಿಂಗ್ ಬಿಟ್ಟಿರಲಿಲ್ಲ.