ಕಲ್ಲಮ್ಮನ ಕೆಮ್ಮು

ಅಡಿಗೆಮನೆಯನ್ನು ಸೊಸೆ ಶಾಂತಕುಮಾರಿಗೆ ಒಪ್ಪಿಸಿದ ಮೇಲೆ ಕಲ್ಲಮ್ಮನಿಗೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, ಆರಾಮಾಗಿ ಕೂತ್ಕೊಳ್ಳಿ ಅಂತ. ಮಗ ಹೇಳಿದ, ನೆರೆಯವರು ಹೇಳಿದರು, ಮಠದ ಅಯ್ಯನವರೂ ಹೇಳಿದರು. ಸರಿ, ಕೂತೂ ನೋಡಿದಳು. ಜಗಲಿಯಲ್ಲಿ ಕೂತರೆ ಬೀದಿಯಲ್ಲಿ ಹೋಗುವವರೆಲ್ಲ "ಊಟ ಆಯ್ತಾ?" ಅನ್ನುತ್ತಿದ್ದರು, ಒಳಗೆ ಕೂತರೆ ಸೊಸೆ "ಅತ್ತೆ, ಕಾಲು ಅತ್ಲಾಗ್ ತಗೀರಿ, ಗುಡಿಸ್ಬೇಕು" ಅನ್ನುತ್ತಿದ್ದಳು. ಅರವತ್ತು ದಾಟಿದ್ದರೂ ಬಾವಿಯಿಂದ ತುಂಬಿದ ಕೊಡ ತರುವ ಸೊಂಟ ಅವಳದು. ಕೂರುವ ಕೆಲಸ ಒಂದೇ ವಾರಕ್ಕೆ ಸಾಕಾಗಿಹೋಯಿತು.

ಹಾಗೆ ನೋಡಿದರೆ ಅವಳಿಗೆ ಬೇರೊಂದು ಕೆಲಸ ಇದ್ದೇ ಇತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಅವಳ ಗಂಡ ರೇವಣಸಿದ್ದಯ್ಯನೆಂದರೆ ಊರಿನ ಕಿವಿ. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಕೆಳಗಿನ ಒಲೆಯ ಹೊಗೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದನ್ನೇ ಗಿಟುಕು ಅನ್ನುವುದು. ಆತುರಪಟ್ಟು ಸುಲಿದು ಒಡೆದರೋ, ಹಸಿ ತಿರುಳಿಗೆ ಬೂಷ್ಟು ಹಿಡಿದು ವರ್ಷದ ಬೆಳೆಯೇ ಹಾಳು. ಅದಕ್ಕೇ ಜನ ಅಟ್ಟ ಇಳಿಸುವ ಮುಂಚೆ ರೇವಣಸಿದ್ದಯ್ಯನನ್ನು ಕರೆಯುತ್ತಿದ್ದರು. ಆತ ಏಣಿ ಹತ್ತಿ, ಮೂಲೆಯದೊಂದು ನಡುವಿನದೊಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ "ಇಳ್ಸಿ" ಅಂದರೆ ಇಳಿಸುವುದು, "ತಡೀರಿ" ಅಂದರೆ ತಡೆಯುವುದು.

ಆ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ಮನೆಯ ಟ್ರಾನ್ಸಿಸ್ಟರಿನ ವಾರ್ತೆ ಇಡೀ ಬೀದಿಗೆ ಕೇಳಿಸಲು ಶುರುವಾದಾಗಲೇ ಕಲ್ಲಮ್ಮನಿಗೆ ಗುಟ್ಟು ತಿಳಿಯಿತು. ಅವತ್ತಿನಿಂದ "ಆ ಮನೆ ಹೆಂಗಸ್ರನ್ನ ಮಾತಾಡಿಸ್ಕೊಂಡು ಬತ್ತೀನಿ" ಎಂದು ಗಂಡನ ಹಿಂದೆ ಹೊರಡತೊಡಗಿದಳು. ಏಣಿಯ ಬುಡದಲ್ಲಿ ನಿಂತು, ಆತ ಕೆಳಗೆ ಕೊಟ್ಟ ಕಾಯಿಯನ್ನು ಹೊತ್ತು ಹೋಗದವಳಂತೆ ಅಲ್ಲಾಡಿಸುವಳು. ಮದುವೆಯಾಗಿ ಬಂದಂದಿನಿಂದ ಅಟ್ಟದ ಕೆಳಗೇ ಅಡಿಗೆ ಮಾಡಿದವಳಿಗೆ ಕಾಯಿಯ ಸದ್ದನ್ನು ಯಾರೂ ಕಲಿಸಬೇಕಿರಲಿಲ್ಲ. ಒಳಗೆ ನೀರಿದ್ದರೆ ಒಂದು ಕೆಮ್ಮು ಕೆಮ್ಮುವಳು. ಕೆಮ್ಮು ಬಂದರೆ ಮೇಲಿನಿಂದ "ತಡೀರಿ". ಬರದಿದ್ದರೆ "ಇಳ್ಸಿ". ಈ ಏರ್ಪಾಟಿನ ಬಗ್ಗೆ ಗಂಡ ಹೆಂಡತಿ ಒಂದು ದಿನವೂ ಬಾಯಿಬಿಟ್ಟು ಮಾತಾಡಿಕೊಂಡವರಲ್ಲ.

ಆ ಚಳಿಗಾಲದಲ್ಲಿ ಮಾಯಸಂದ್ರಕ್ಕೆ ಕೊಟ್ಟಿದ್ದ ಮಗಳು ಸರ್ವಮಂಗಳ ಕಾಲು ಮುರಿದುಕೊಂಡು ಮಲಗಿದಳು. ಕಲ್ಲಮ್ಮ ಹೋಗಿ ಅವಳು ಎದ್ದು ಓಡಾಡುವವರೆಗೂ ಇದ್ದು ಬಂದಳು. ಬಂದ ಬೆಳಿಗ್ಗೆ ಮನೆಯಲ್ಲಿ ಗಂಡ ಇರಲಿಲ್ಲ.

"ಮಾವ ಕಾಡಸಿದ್ದಪ್ನೋರ್ ಮನೇಲವ್ರೆ" ಅಂದಳು ಶಾಂತಕುಮಾರಿ. "ಮೊನ್ನೆ ಹೋಗಿ ಅಟ್ಟ ನೋಡಿ ಇಳ್ಸಿ ಅಂದ್ರಂತೆ. ಇವತ್ತು ಸುಲೀತಾವ್ರೆ."

"ಮೊನ್ನೆ ಒಬ್ರೇ ಹೋಗಿದ್ರಾ?"

"ಇನ್ಯಾರ್ ಹೋಗ್ಬೇಕತ್ತೆ? ನೀವ್ ಬಸ್ಸಲ್ಲಿ ಬಂದು ಸುಸ್ತಾಗಿದೀರ, ಆರಾಮಾಗಿ..."

ಸೊಸೆಯ ಮಾತು ಮುಗಿಯುವ ಹೊತ್ತಿಗೆ ಕಲ್ಲಮ್ಮ ಬೀದಿಯ ತಿರುವು ದಾಟಿದ್ದಳು.

ಕಾಡಸಿದ್ದಪ್ಪನ ಅಂಗಳದಲ್ಲಿ ಕಾಯಿಯ ರಾಶಿ ಆಳೆತ್ತರ ಬಿದ್ದಿತ್ತು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಕೂಲಿಯ ಹುಚ್ಚರಂಗಯ್ಯ ಆಗಷ್ಟೇ ಸುಲಿಯಲು ಕೈಹಚ್ಚಿದ್ದ. ರೇವಣಸಿದ್ದಯ್ಯ ಜಗಲಿಯ ಮೇಲೆ ರಾಶಿಗೆ ಬೆನ್ನು ಹಾಕಿ ಕೂತು, ಬೋರನಕಣಿವೆ ಡ್ಯಾಮಿನ ನೀರಿಗೆ ಇಳಿದ ಒಂದು ಹೋರಿಯ ಕಥೆಯನ್ನು ಮನೆಯವರಿಗೆಲ್ಲ ಹೇಳುತ್ತಿದ್ದ. ಮಾತಿಗೆ ಕೂತನೆಂದರೆ ಆತನನ್ನು ಮೀರಿಸುವವರಿಲ್ಲ.

ಕಲ್ಲಮ್ಮ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು. ಗಡಗಡ ಅಂದಿತು. ಅದರ ಬೆನ್ನಿಗೇ, ಸಣ್ಣಗೆ, ಚಳಕ್. ಇನ್ನೊಂದು ಎತ್ತಿದಳು. ಅದೂ ಹಾಗೇ. ಗಂಡ ಎಲ್ಲಿ ಎಡವಿದ ಅನ್ನುವುದು ಅವಳಿಗೆ ಹೊಳೆದುಹೋಯಿತು. ಗಿಟುಕು ಚಿಪ್ಪಿಗೆ ಬಡಿಯುವುದು ಅಂಗೈಗೆ ಗೊತ್ತಾಗುತ್ತದೆ. ಹಿಂದೆ ಉಳಿದ ತೊಟ್ಟು ನೀರು ಅಂಗೈಗೆ ಗೊತ್ತಾಗುವಂಥದ್ದಲ್ಲ.

ಅವಳು ಕೆಮ್ಮಿದಳು.

ಹೋರಿ ಇನ್ನೂ ನೀರಿನಲ್ಲೇ ಇತ್ತು. ಮತ್ತೆ ಕೆಮ್ಮಿದಳು, ಜೋರಾಗಿ. ರೇವಣಸಿದ್ದಯ್ಯ ತಿರುಗಲಿಲ್ಲ. ಮೂರನೆಯ ಕೆಮ್ಮಿಗೆ ಹಟ್ಟಿಯ ದನಗಳು ಕತ್ತೆತ್ತಿ ನೋಡಿದವು, ಕಾಡಸಿದ್ದಪ್ಪನ ಹೆಂಡತಿ ದ್ರಾಕ್ಷಾಯಣಮ್ಮ ನೀರಿನ ಚೊಂಬು ಹಿಡಿದು ಓಡಿಬಂದಳು.

"ಏನ್ ಕಲ್ಲಕ್ಕ, ಮಾಯಸಂದ್ರದ್ ನೀರು ಒಗ್ಗಲಿಲ್ವಾ? ತಡಿ, ಶುಂಠಿ ಕಷಾಯ ಕಾಯಿಸ್ತೀನಿ."

ಕೆಮ್ಮೂ ಕೇಳದಷ್ಟು ಕಿವಿ ಹೋಗಿದೆ ಅನ್ನುವುದು ಕಲ್ಲಮ್ಮನಿಗೆ ಆಗ ತಿಳಿಯಿತು. ಬಾಯಿಬಿಟ್ಟರೆ ಗಂಡನ ಹೆಸರು ಹೋಗುತ್ತದೆ. ಆ ಹೆಸರಿನ ಜೊತೆಗೆ ತನ್ನ ಕೆಲಸವೂ ಹೋಗುತ್ತದೆ, ಉಳಿಯುವುದು ಜಗಲಿ ಮತ್ತು "ಊಟ ಆಯ್ತಾ". ಬಾಯಿಬಿಡದಿದ್ದರೆ ಈ ಮನೆಯ ವರ್ಷದ ಕೊಬ್ಬರಿ ಹೋಗುತ್ತದೆ. ಅಷ್ಟರಲ್ಲಿ ಹುಚ್ಚರಂಗಯ್ಯ ಇನ್ನೊಂದು ಕಾಯಿಯನ್ನು ಮೊನೆಗೆ ಕುಕ್ಕಿದ.

"ನಿಲ್ಸಪ್ಪ ಹುಚ್ಚರಂಗಯ್ಯ" ಅಂದಳು. "ಇದ್ರಲ್ಲಿ ನೀರೈತೆ."

ಹುಚ್ಚರಂಗಯ್ಯ ನಕ್ಕ. "ಕಲ್ಲಮ್ನೋರೆ, ಯಜಮಾನ್ರೇ ಖುದ್ದಾಗ್ ನೋಡಿ ತೀರ್ಪು ಕೊಟ್ಟವ್ರೆ. ಗಂಡನ್ ತೀರ್ಪಿನ್ ಮ್ಯಾಲೆ ಹೆಂಡ್ತಿ ಅಪೀಲಾ?"

"ಹೂಂ, ಅಪೀಲೇ ಅನ್ಕೊ. ಒಡಿ ಅದನ್ನ."

ಕಾಡಸಿದ್ದಪ್ಪ ಜಗಲಿಯಿಂದಿಳಿದು ಬಂದ. ಒಡೆದರು. ಉಂಡೆಯ ಒಂದು ಮಗ್ಗುಲು ಇನ್ನೂ ಹಸಿಯಾಗಿತ್ತು, ನೀರು ತೊಟ್ಟಿಕ್ಕಿತು. ಎರಡನೆಯದನ್ನು ಒಡೆದರು. ಅದೂ ಹಾಗೇ.

ಕೇಳುವವರೆಲ್ಲ ಬೇರೆ ಕಡೆ ನೋಡುತ್ತಿರುವುದನ್ನು ಕಂಡು ರೇವಣಸಿದ್ದಯ್ಯ ಕಥೆ ನಿಲ್ಲಿಸಿ ತಿರುಗಿದ. "ಏನು? ಏನಂತೆ?"

ಕಲ್ಲಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೂಗುವವಳ ಹಾಗೆ ಕೂಗಿದಳು: "ನೀರೈತೆ ಕಣ್ರೀ! ನಿಮಗೆ ಕೇಳ್ಲಿಲ್ಲ! ಮೂರು ವರ್ಷದಿಂದ ಕೇಳ್ತಿಲ್ಲ! ಇಷ್ಟು ದಿನ ಕೇಳ್ತಿದ್ದೋಳು ನಾನು!"

ಆತ ಒಡೆದ ಕಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಯಾರನ್ನೂ ಮಾತಾಡಿಸದೆ ಅಂಗಳ ದಾಟಿ ಹೋಗಿಬಿಟ್ಟ.

ಹಿಂದೆಯೇ ಓಡಬೇಕು ಅನ್ನಿಸಿತು ಅವಳಿಗೆ. ಆದರೆ ಎದುರಿಗೆ ರಾಶಿ ಬಿದ್ದಿತ್ತು, ಪಕ್ಕದಲ್ಲಿ ಕಾಡಸಿದ್ದಪ್ಪ ತಲೆಯ ಮೇಲೆ ಕೈಹೊತ್ತು ನಿಂತಿದ್ದ.

"ಈಗೇನ್ ಮಾಡೋದಕ್ಕ?"

"ಸುಲೀದೆ ಇರೋದಕ್ಕೆ ಏನೂ ಆಗಿಲ್ಲ. ಹಸಿ ಇರೋದನ್ನ ವಾಪಸ್ ಅಟ್ಟಕ್ಕೆ ಹಾಕು. ಒಲೆ ಮ್ಯಾಲಿದ್ದಿದ್ದು ಒಣಗಿರ್ತೈತೆ. ಅದ್ಯಾವ್ದು, ಬಾಗ್ಲು ಕಡೇದು ಯಾವ್ದು?"

"ಎಲ್ಲಾ ಬೆರಕೆ ಆಗೋಯ್ತಲ್ಲ."

"ಹಂಗಾದ್ರೆ ಒಂದೊಂದೇ ಕೊಡು" ಎಂದು ಒಂದು ಕುಕ್ಕೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ಒಂದು ಕಾಯಿ ಕಿವಿಗೆ, "ಇದು ಸುಲೀಲಿ." ಇನ್ನೊಂದು ಕಿವಿಗೆ, "ಇದು ಹತ್ಲಿ." ಮೊದಮೊದಲು ಹುಚ್ಚರಂಗಯ್ಯ ನಡುನಡುವೆ ಒಂದನ್ನು ಒಡೆದು ಪರೀಕ್ಷೆ ಮಾಡಿದ. ಆಮೇಲೆ ಅದನ್ನು ಬಿಟ್ಟ. ಕೆಮ್ಮಿನ ಮರೆಯಿಲ್ಲದೆ, ಕಂಡದ್ದನ್ನು ಕಂಡ ಹಾಗೆ ಹೇಳುವುದರಲ್ಲಿ ಇಂಥ ಸುಖವಿದೆಯೆಂದು ಕಲ್ಲಮ್ಮನಿಗೆ ಗೊತ್ತೇ ಇರಲಿಲ್ಲ. ಗಂಡನ ಸಂಕಟ ಎದೆಯಲ್ಲಿ ಒತ್ತುತ್ತಿದ್ದರೂ ಕೈ ತಡವರಿಸಲಿಲ್ಲ. ದ್ರಾಕ್ಷಾಯಣಮ್ಮ ಕಷಾಯ ತಂದರೆ "ಕೆಮ್ಮು ವಾಸಿ ಆಯ್ತು ಕಣೇ, ಕಾಫಿ ಇದ್ರೆ ತತ್ತಾ" ಅಂದಳು.

ಬಿಸಿಲು ನೆತ್ತಿಗೆ ಬಂದಾಗ ರೇವಣಸಿದ್ದಯ್ಯ ಬಂದು ಅವಳೆದುರು ನಿಂತ. ಸುತ್ತಲಿನವರು ಮೆಲ್ಲಗೆ ಕೆಲಸದ ನೆಪ ಹುಡುಕಿಕೊಂಡರು.

"ಎಲ್ರ್ ಮುಂದೆ ಹೇಳ್ಬೇಕಿತ್ತೇನೇ?"

"ಕಿವೀಲ್ ಹೇಳಿದ್ರೆ ಕೇಳ್ತಿತ್ತಾ ನಿಮ್ಗೆ?"

ಹುಚ್ಚರಂಗಯ್ಯ ಮುಖ ತಿರುಗಿಸಿ ತುಟಿ ಕಚ್ಚಿಕೊಂಡ. ರೇವಣಸಿದ್ದಯ್ಯ ಕಾಲ ಬಳಿ ಬಿದ್ದಿದ್ದ ಒಂದು ಕಾಯಿಯನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಕೆಮ್ಮಬೋದಿತ್ತಲ್ಲ" ಅಂದ.

ಮೂರು ವರ್ಷದಲ್ಲಿ ಆ ಮಾತನ್ನು ಆತ ಎತ್ತಿದ್ದು ಅದೇ ಮೊದಲು. ಕಲ್ಲಮ್ಮ ಕಾಯಿಯನ್ನು ಕೆಳಗಿಟ್ಟಳು.

"ಕೆಮ್ಮಿದೆ ಕಣ್ರೀ! ಗಂಟ್ಲು ಹರ್ಕಂಡ್ ಕೆಮ್ಮಿದೆ! ಹಟ್ಟೀಲಿರೋ ದನಕ್ಕೂ ಕೇಳ್ತು!"

ಮೊದಲು ನಕ್ಕವನು ರೇವಣಸಿದ್ದಯ್ಯನೇ. ಹೆಗಲು ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆ ನೀರು ಪೂರ್ತಿ ನಗುವಿನದಲ್ಲ ಅನ್ನುವುದು ಕಲ್ಲಮ್ಮನಿಗೆ ತಿಳಿಯಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅದನ್ನೇ ತಲೆಗೆ ಸುತ್ತಿ, ಆತ ಏಣಿಯ ಕಡೆ ನಡೆದ.

"ಹಸಿ ಕಾಯ್ನ ಹೆಂಗ್ಹೆಂಗೋ ಎಸೀತಿದೀರಲ್ಲೋ. ಒಲೆ ನೆತ್ತಿಗೆ ಜೋಡಿಸ್ಬೇಕು. ಕಿವಿ ಹೋಗೈತೆ, ಕೈ ಹೋಗಿಲ್ಲ ಕಣ್ಲಾ. ಕೊಡಿ ಇಲ್ಲಿ."

ಆತ ಅಟ್ಟ ಹತ್ತಿದ. ಕೆಳಗಿನಿಂದ ಕಾಯಿ ಹೋದ ಹಾಗೆಲ್ಲ ಮೇಲಿನಿಂದ ಹೋರಿಯ ಕಥೆಯ ಉಳಿದ ಭಾಗ ಇಳಿದುಬರುತ್ತಿತ್ತು.

ಕಾಡಸಿದ್ದಪ್ಪ ಅಂಗಳಕ್ಕೆ ಬಂದು ದನಿ ತಗ್ಗಿಸಿ ಕೇಳಿದ: "ಕಲ್ಲಕ್ಕ, ಹಾಲ್ಕುರಿಕೆ ಮರುಳಸಿದ್ದಯ್ಯ ನಾಳೆ ಅವನ ಅಟ್ಟ ನೋಡೋಕೆ ನಿಮ್ ಯಜಮಾನ್ರನ್ನ ಕಳ್ಸು ಅಂದಿದ್ದ. ಏನಂತ ಹೇಳಿ ಕಳಿಸ್ಲಿ?"

"ಕಲ್ಲಮ್ಮ ಬತ್ತಾಳೆ ಅನ್ನು" ಅಂದಳು, ದನಿ ತಗ್ಗಿಸದೆ. "ಏಣಿ ಹತ್ತೋಕೆ ಗಂಡನ್ನೂ ಕರ್ಕೊಂಡು ಬತ್ತಾಳಂತೆ ಅನ್ನು."