ಕುದಿನೀರಿಗೆ ಬಿದ್ದ ಚೀಲ

ಬಟಾಣಿಯ ಬಳಗಕ್ಕೆ ಸೇರಿದ ಪೊದೆಗಳದ್ದು ಒಂದು ತಕರಾರು. ರೆಂಬೆಯನ್ನು ಹಾಗೇ ಕಾಗದಗಳ ನಡುವೆ ಒತ್ತಿಟ್ಟರೆ, ಒಣಗುವಷ್ಟರಲ್ಲಿ ಕಿರುಎಲೆಗಳೆಲ್ಲ ಕಳಚಿ ಬರೀ ಕಡ್ಡಿ ಉಳಿಯುತ್ತದೆ. ಮೊದಲು ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ಒಣಗಿಡಗಳ ಸಂಗ್ರಹಾಲಯದಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಅಲ್ಲಿಗೆ ಗಿಡ ಸಂಗ್ರಹಿಸುವ ತಂಗಿ ಈ ಕೆಲಸವನ್ನು ಅಕ್ಕನ ಅಡುಗೆಮನೆಯಲ್ಲಿ ಮಾಡುತ್ತಿದ್ದಳು.

ಅವತ್ತು ಗುಡ್ಡದಿಂದ ತಂದ ಹಳದಿ ಹೂವಿನ ರೆಂಬೆಗಳನ್ನು ಅಕ್ಕನಿಗೆ ಒಪ್ಪಿಸಿ ತಂಗಿ ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಅಕ್ಕ, ಬದಿಗಿದ್ದ ಅದೇ ಪೊದೆಯ ಒಣಕಾಯಿಗಳ ಚೀಲವನ್ನೂ ಪಾತ್ರೆಗೆ ಇಳಿಸಿ, ಒಲೆ ಆರಿಸಿ, ಫೋನಿನಲ್ಲಿ ನಾದಿನಿಯ ಜೊತೆ ಮಾತಿಗೆ ಕೂತಿದ್ದಳು. ನೀರು ತಣ್ಣಗಾಗಿತ್ತು.

"ಬೀಜ ಬೇಯಿಸಿಟ್ಟಿದ್ದೀಯಲ್ಲಕ್ಕಾ. ಉಪ್ಪು ಹಾಕೋದೊಂದು ಬಾಕಿ."

"ಎಲ್ಲಾ ಅದ್ದು ಅಂದೋಳು ನೀನೇ ಕಣೇ," ಎಂದು ಅಕ್ಕ ಮುಖ ಸಣ್ಣದು ಮಾಡಿಕೊಂಡಳು.

ತಂಗಿ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಹಿಡಿ ಬೀಜ ನರ್ಸರಿಗೆ ಹೋಗಿತ್ತು, ಗುಡ್ಡದಲ್ಲಿ ಪೊದೆಗಳೂ ಇದ್ದವು. ಆದರೆ ಮರುವಾರ ರಸ್ತೆ ಅಗಲಿಸುವ ಯಂತ್ರಗಳು ಆ ಇಳಿಜಾರನ್ನೇ ಬಗೆದುಹಾಕಿದವು. ಆ ಪೊದೆ ಬೇರೆಲ್ಲೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬದುಕಿದರೆ ಇನ್ನು ನರ್ಸರಿಯ ಟ್ರೇಯಲ್ಲಿ. ಇಲ್ಲವಾದರೆ ಹಾಳೆಗೆ ಅಂಟಿಸಿದ ರೆಂಬೆಯಾಗಿ ಮಾತ್ರ.

ತಿಂಗಳು ಕಳೆದರೂ ಟ್ರೇಯಲ್ಲಿ ಮೊಳಕೆಯ ಸುಳಿವಿಲ್ಲ. ಗಟ್ಟಿ ಸಿಪ್ಪೆಯ ಬೀಜ ಮೊಳೆಯಲೆಂದು ಅದಕ್ಕೆ ಬಿಸಿನೀರು ಕೊಡುವುದು ನರ್ಸರಿಯ ಮೇಲ್ವಿಚಾರಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದ್ದದ್ದೇ ಒಂದು ಹಿಡಿ. ಬೆಂದುಹೋದರೆ ಯಾರು ಹೊಣೆ? ತಂಗಿಗೂ ಧೈರ್ಯ ಸಾಲಲಿಲ್ಲ. ಕೊನೆಗೆ ಅವನು, ಜಾಗ ಸಾಲುತ್ತಿಲ್ಲ, ಸೋಮವಾರ ಟ್ರೇ ಖಾಲಿ ಮಾಡುತ್ತೇನೆ ಎಂದ.

ಭಾನುವಾರ ಸಂಜೆ ಅಕ್ಕ ತಂಗಿಯನ್ನು ಕರೆಸಿಕೊಂಡು ಹಿತ್ತಿಲಿನ ಒಡಕು ಬಕೆಟ್ ತೋರಿಸಿದಳು. ಬಿಸಾಡಲು ಮನಸ್ಸಾಗದೆ ಅವತ್ತು ಪಾತ್ರೆಗೆ ಬಿದ್ದ ಬೀಜಗಳನ್ನು ಅದರ ಮಣ್ಣಿಗೆ ಸುರಿದಿದ್ದಳಂತೆ. ಈಗ ಅಲ್ಲಿ ಗುಂಪಾಗಿ ಸಸಿಗಳು ಎದ್ದಿದ್ದವು. ತಂಗಿ ಮೊಣಕಾಲೂರಿ ಬಗ್ಗಿ ನೋಡಿದಳು. ಹಾಳೆಗೆ ತಾನು ಅಂಟಿಸಿದ್ದ ಅದೇ ಜೋಡಿ ಕಿರುಎಲೆಗಳು. ಇವು ಮಾತ್ರ ಕತ್ತಲಾಗುತ್ತಿದ್ದಂತೆ ಒಂದಕ್ಕೊಂದು ಮಡಚಿಕೊಳ್ಳುತ್ತಿದ್ದವು.

"ಉಪ್ಪು ಹಾಕ್ಲಾ?" ಎಂದಳು ಅಕ್ಕ.

ಮಾರನೆಯ ದಿನ ತಂಗಿ ಬಕೆಟ್ಟನ್ನು ಹೊತ್ತುಕೊಂಡೇ ನರ್ಸರಿಗೆ ಹೋದಳು. ಅದನ್ನು ಕಂಡ ಮೇಲ್ವಿಚಾರಕ ಟ್ರೇಯ ಮಣ್ಣು ಜರಡಿ ಹಿಡಿದ. ಬೀಜಗಳು ಹಾಕಿದ ದಿನದಂತೆಯೇ ಕಲ್ಲಾಗಿದ್ದವು. ಅವನು ಕೆಟಲ್‌ನಲ್ಲಿ ನೀರು ಕುದಿಸಿ ತಂದು, ಬಟ್ಟಲಿನಲ್ಲಿದ್ದ ಬೀಜಗಳ ಮೇಲೆ ಸುರಿದ.

"ಎಷ್ಟು ಹೊತ್ತು ಬಿಡ್ಬೇಕು, ಮೇಡಂ?"

"ನಮ್ಮಕ್ಕ ಫೋನ್ ಇಡೋವಷ್ಟು ಹೊತ್ತು."