ಹಸಿರು ದಾರದ ದೊನ್ನೆ

ಹೆಂಡತಿ ಗೋದಾ ತೀರಿಕೊಂಡ ಮೇಲೂ ಚಕ್ರಪಾಣಿಗಳು ಕಾಗೆಗೆ ಅನ್ನ ಇಡುವುದನ್ನು ತಪ್ಪಿಸಲಿಲ್ಲ. ಇದ್ದಾಗ ಅವಳು ಮುತ್ತುಗದ ಎಲೆಯಲ್ಲಿ ಪುಟ್ಟ ದೊನ್ನೆಗಳನ್ನು ಮಾಡಿಡುತ್ತಿದ್ದಳು. ಕಡ್ಡಿ ಚುಚ್ಚಿದರೆ ಎಲ್ಲಿ ಕಾಗೆಯ ಗಂಟಲಿಗೆ ಸಿಕ್ಕೀತೋ ಎಂದು ಹಸಿರು ದಾರದಲ್ಲಿ ಹೊಲಿಯುವಳು. ಅವಳು ಬಿಟ್ಟುಹೋದ ಕಟ್ಟಿನಿಂದ ದಿನಕ್ಕೊಂದು ತೆಗೆದು, ತುಪ್ಪ ಕಲಸಿದ ಅನ್ನ ಹಾಕಿ, ಮಲ್ಲೇಶ್ವರದ ಆ ಹಳೆಯ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಿದ್ದರು. ಕಾಗೆ ಬಂದದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಆದರೆ ಮರುದಿನ ಬೆಳಗಾಗುವುದರೊಳಗೆ ದೊನ್ನೆಯ ಸಮೇತ ಎಲ್ಲ ಮಾಯ. ಗೋದಾ ಬಂದು ಉಂಡು ಹೋದಳು ಎಂದೇ ನಂಬಿದ್ದರು. ಆ ನಂಬಿಕೆಯಿಂದ ಅವರಿಗೂ ಒಂದು ತುತ್ತು ಇಳಿಯುತ್ತಿತ್ತು.

ಒಂದು ಬೆಳಿಗ್ಗೆ, ಅದೇ ಗೋಡೆಗೆ ಒತ್ತಿ ನಿಲ್ಲಿಸಿದ್ದ ಪಕ್ಕದ ಮನೆಯ ಶಶಿಕುಮಾರನ ಕಾರು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ.

"ಇಲಿ ಸಾರ್! ವೈರೆಲ್ಲ ಕಡಿದು ಹಾಕಿದೆ. ಒಳಗೆ ಸಂಸಾರಾನೇ ಹೂಡಿದೆ ನೋಡಿ."

ಶಶಿಕುಮಾರ ಎದುರುಮನೆಯ ಭಾಗೀರಥಮ್ಮನವರ ಕಡೆ ತಿರುಗಿದ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಆಕೆ ದಿನವೂ ಬೀದಿನಾಯಿಗಳಿಗೆ ಅನ್ನ ಹಾಕುವವರು.

"ನಿಮ್ಮ ಅನ್ನದಾನದ ಪುಣ್ಯ ಮೇಡಂ, ನನ್ನ ಕಾರಿಗೂ ಬಂತು! ನಾಳೆಯಿಂದ ಇಲ್ಲಿ ಒಂದು ಅಗುಳು ಬಿದ್ದಿದ್ರೂ ಕಾರ್ಪೊರೇಷನ್‌ಗೆ ಫೋನ್ ಮಾಡ್ತೀನಿ. ನಾಯಿಗಳನ್ನ ಎತ್ಕೊಂಡು ಹೋಗ್ಲಿ."

"ನಾನು ಜಾಗ ತೊಳೆದೇ ಹೋಗೋದಪ್ಪ. ಚಕ್ರಪಾಣಿಗಳನ್ನ ಕೇಳು, ಅವರು ದಿನಾ ನೋಡ್ತಾರೆ."

ಅಷ್ಟರಲ್ಲಿ ಮೆಕ್ಯಾನಿಕ್ ಎಂಜಿನ್ ಸಂದಿಯಿಂದ ಒಂದು ಹಿಡಿ ಕಸ ಎಳೆದು ನೆಲಕ್ಕೆ ಹಾಕಿದ. ಒಣಗಿದ ಎಲೆಯ ಚೂರುಗಳು. ಅವುಗಳ ನಡುವೆ ಹಸಿರು ದಾರ.

ಗೇಟಿನ ಬಳಿ ನಿಂತಿದ್ದ ಚಕ್ರಪಾಣಿಗಳು ಆ ದಾರವನ್ನು ನೋಡಿದರು.

"ನಾನು... ಅಷ್ಟಾಗಿ ಗಮನಿಸಿಲ್ಲ," ಎಂದು ಒಳಗೆ ಹೋಗಿಬಿಟ್ಟರು.

ದೇವರ ಮುಂದೆ ಕೂತರು. ತುಳಸಿ ಹಿಡಿದ ಕೈ ಮೇಲೇಳಲಿಲ್ಲ. ಉಂಡದ್ದು ಗೋದಾ ಅಲ್ಲ; ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅವಳ ಹೆಸರಿನಲ್ಲಿ ಇಟ್ಟ ಅನ್ನಕ್ಕೆ ಹೊರಗೆ ಇನ್ನೊಬ್ಬರು ಬೈಸಿಕೊಳ್ಳುತ್ತಿದ್ದಾರೆ, ತಾನು ಇಲ್ಲಿ ಪೂಜೆಗೆ ಕೂತಿದ್ದೇನೆ! ಯಾವ ಮುಖ ಇಟ್ಟುಕೊಂಡು ದೇವರನ್ನು ನೋಡುವುದು?

ಉಳಿದ ದೊನ್ನೆಗಳ ಕಟ್ಟನ್ನು ಎತ್ತಿಕೊಂಡು ಹೊರಗೆ ಬಂದರು.

"ಶಶಿ, ಆ ಅನ್ನ ನಮ್ಮ ಮನೇದು. ಈ ದಾರ ನೋಡು. ಅವರನ್ನ ಅನ್ನಬೇಡಪ್ಪ."

ಶಶಿಕುಮಾರ ಕಟ್ಟನ್ನು ನೋಡಿದ, ನೆಲವನ್ನು ನೋಡಿದ. "ಛೆ, ಹೋಗ್ಲಿ ಬಿಡಿ ಅಂಕಲ್," ಎಂದು ಬಾನೆಟ್‌ನೊಳಗೆ ತಲೆ ಹಾಕಿದ.

ಚಕ್ರಪಾಣಿಗಳು ಭಾಗೀರಥಮ್ಮನವರ ಕಡೆ ತಿರುಗಿದರು. ಮಾತು ಹೊರಡುವ ಮೊದಲೇ ಆಕೆ ಅಂದರು:

"ಗೋದಾ ಕೈಹೊಲಿಗೆ ನನಗೆ ಗೊತ್ತಾಗಲ್ವೇ? ಕಸ ಬಿದ್ದಾಗಲೇ ನೋಡಿದೆ."

"ಮತ್ತೆ... ಹೇಳಬಾರದಿತ್ತೆ?"

"ನೀವು ಹೇಳ್ತೀರಿ ಅಂತ ಇದ್ದೆ."

ಆಕೆ ಗಟ್ಟಿಯಾಗಿಯೂ ಆಡಲಿಲ್ಲ. ಮೆಕ್ಯಾನಿಕ್ ಪೊರಕೆ ಕೇಳಿದ. ಚಕ್ರಪಾಣಿಗಳು ಬೇಡವೆಂದು ಕೈ ಆಡಿಸಿ, ತಲೆ ಎತ್ತದೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಎಲೆಚೂರುಗಳನ್ನು ಆರಿಸತೊಡಗಿದರು.